ಹಳೇ ಪಿಕಪ್‌ನ ಮುಂದಿನ ಬ್ರೇಕ್ ಗಟ್ಟಿ ಮಾಡುವುದು ಹೇಗೆ? ಪ್ಯಾಡ್ ಬದಲಿಸಿಯೂ ಸೋತವರಿಗೆ ಸಮಗ್ರ ಮಾರ್ಗದರ್ಶಿ

"ಪ್ಯಾಡ್ ಹೊಸದು, ಡಿಸ್ಕೂ ಹೊಸದು. ಆದ್ರೂ ಲೋಡ್ ಹಾಕ್ಕೊಂಡು ಘಾಟಿ ಇಳಿದ್ರೆ ಬ್ರೇಕ್ ಹಿಡಿಯೋದೇ ಇಲ್ಲ." ಹಳೇ ಪಿಕಪ್ ಇಟ್ಟುಕೊಂಡವರು ಪದೇ ಪದೇ ಹೇಳುವ ಮಾತು ಇದು. ಹೆಚ್ಚಿನ ಸಲ ತಪ್ಪು ಹೊಸ ಸಾಮಾನಿನದ್ದಲ್ಲ. ಜಾಮ್ ಆದ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ಒಳಗೇ ಊದಿಕೊಂಡ ಹೋಸ್ (ಅದಕ್ಕೆ ಆಯಿಲ್ ಒಯ್ಯುವ ರಬ್ಬರ್ ಪೈಪ್), ಕಪ್ಪಾದ ಬ್ರೇಕ್ ಆಯಿಲ್ ಹಾಗೇ ಇಟ್ಟುಕೊಂಡು ಬರೀ ಪ್ಯಾಡ್ ಬದಲಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಇಲ್ಲಿ ಹೇಳುವುದು ಬೊಲೆರೊ ಪಿಕಪ್‌ನಂಥ ಡೀಸೆಲ್ ಗಾಡಿಗೆ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಕಾಲಿನ ಒತ್ತಡಕ್ಕೆ ಬಲ ಸೇರಿಸುವ ವ್ಯಾಕ್ಯೂಮ್ ಬೂಸ್ಟರ್. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಾದರೆ ಬ್ರೇಕ್ ಪೈಪಿನ ಏರ್ ತೆಗೆಯುವ ಹಂತ ಬೇರೆ ಇರುತ್ತದೆ, ಅದಕ್ಕೆ ಸರ್ವಿಸ್ ಸೆಂಟರ್ ಒಳ್ಳೆಯದು. ಸ್ಪ್ಯಾನರ್ ಹಿಡಿದು ಅಭ್ಯಾಸ ಇಲ್ಲದವರು ಮೊದಲ ಸಲ ಗೊತ್ತಿರುವ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಬೇರೆ ಗಾಡಿಯ ದೊಡ್ಡ ಡಿಸ್ಕ್ ತಂದು ವೆಲ್ಡಿಂಗ್ ಮಾಡಿ ಕೂರಿಸುವುದನ್ನು ನಾನು ಅಪ್‌ಗ್ರೇಡ್ ಅನ್ನುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋದಾಗ, ಇನ್ಶೂರೆನ್ಸ್ ಕ್ಲೇಮ್ ಮಾಡುವಾಗ ಇದು ಕಾಡುತ್ತದೆ. ಕಂಪನಿ ಅಳತೆಯ ಒಳ್ಳೆಯ ಡಿಸ್ಕ್, ಒಳ್ಳೆಯ ಪ್ಯಾಡ್, ಹೊಸ ಸೀಲ್, ಹೊಸ ಹೋಸ್, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್, ಇಷ್ಟನ್ನೇ ಸರಿಯಾದ ಕ್ರಮದಲ್ಲಿ ಹಾಕಿದರೆ ಹತ್ತು ವರ್ಷದ ಗಾಡಿಯ ಬ್ರೇಕ್ ಗುರುತೇ ಸಿಗದಷ್ಟು ಬದಲಾಗುತ್ತದೆ.

## ಹಂತ 1: ಗಾಡಿ ಎತ್ತುವ ಮುಂಚೆ ರೋಗ ಗುರುತಿಸಿ

ಸಾಮಾನು ತರುವ ಮುಂಚೆ ಈ ನಾಲ್ಕು ಪರೀಕ್ಷೆ ಮಾಡಿ. ಅರ್ಧ ಗಂಟೆ ಸಾಕು.

ಬೂಸ್ಟರ್. ಎಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ. ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರ್, ಅದರ ಪೈಪ್ ಅಥವಾ ವ್ಯಾಕ್ಯೂಮ್ ಪಂಪ್‌ನಲ್ಲಿ ದೋಷ ಇದೆ. ಡೀಸೆಲ್ ಎಂಜಿನ್ ತಾನಾಗಿ ಸಾಕಷ್ಟು ವ್ಯಾಕ್ಯೂಮ್ ಕೊಡುವುದಿಲ್ಲ, ಅದಕ್ಕೆ ಬೇರೆ ಪಂಪ್ ಬೇಕು. ಹಳೇ ಗಾಡಿಗಳಲ್ಲಿ ಅದು ಹೆಚ್ಚಾಗಿ ಆಲ್ಟರ್ನೇಟರ್ ಬೆನ್ನಿಗೇ ಕೂತಿರುತ್ತದೆ. "ಪೆಡಲ್ ಕಲ್ಲಿನ ಹಾಗಿದೆ, ಗಾಡಿ ನಿಲ್ಲಲ್ಲ" ಅನ್ನುವವರು ಪ್ಯಾಡ್ ಬಿಟ್ಟು ಮೊದಲು ಇದನ್ನು ನೋಡಿ.

ಮಾಸ್ಟರ್ ಸಿಲಿಂಡರ್. ಪೆಡಲ್ ಒತ್ತಿದಾಗ ಆಯಿಲನ್ನು ಪೈಪುಗಳಿಗೆ ತಳ್ಳುವುದು ಇದೇ. ಎಂಜಿನ್ ಓಡುತ್ತಿರುವಾಗ ಪೆಡಲನ್ನು ಹದವಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಎಲ್ಲೂ ಸೋರಿಕೆ ಇಲ್ಲದೆ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹೋಗಿದೆ.

ಹೋಸ್. ಸ್ವಲ್ಪ ದೂರ ಓಡಿಸಿ ಬಂದು ಮುಂದಿನ ಚಕ್ರ ಎತ್ತಿ, ಕೈಯಲ್ಲಿ ತಿರುಗಿಸಿ. ಬಿಗಿಯಾಗಿ ಹಿಡಿದಿದ್ದರೆ ಕ್ಯಾಲಿಪರ್‌ನ ಏರ್ ನಿಪ್ಪಲ್ (ಗಾಳಿ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಡುಗಡೆಯಾಯಿತಾ? ಹಾಗಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ. ಒಂದೇ ಚಕ್ರ ಹೀಗಾದರೆ ಹೋಸ್ ಮೇಲೆ ಅನುಮಾನ ಪಡಿ. ಎರಡೂ ಚಕ್ರ ಹೀಗಾದರೆ ಮಾಸ್ಟರ್ ಸಿಲಿಂಡರ್ ನೋಡಿ. ನಿಪ್ಪಲ್ ಬಿಚ್ಚಿದ ಮೇಲೂ ಚಕ್ರ ಬಿಗಿಯಾಗೇ ಇದ್ದರೆ ಪ್ಯಾಡ್ ಒತ್ತುವ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರಲು ಇರುವ ಸ್ಲೈಡ್ ಪಿನ್ ಜಾಮ್.

ಆಯಿಲ್. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಡಿಕಾಕ್ಷನ್ ಬಣ್ಣ ಕಂಡರೆ ಪೂರ್ತಿ ಬದಲಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಬೀಳುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಆಗುಂಬೆಯ 14 ತಿರುವು ಇಳಿಯುವಾಗ ಅರ್ಧ ದಾರಿಯಲ್ಲಿ ಪೆಡಲ್ ಮೆತ್ತಗಾಗುವುದಕ್ಕೆ ಈ ಕುದಿತ ಒಂದು ದೊಡ್ಡ ಕಾರಣ. ಆಯಿಲ್ ಕುದ್ದು ಆವಿಯ ಗುಳ್ಳೆ ಬಂದರೆ ನೀವು ಒತ್ತುವುದು ಗಾಳಿಯನ್ನು.

## ಹಂತ 2: ಸಾಮಾನು ಮತ್ತು ಹತ್ಯಾರ

ಬಿಡಿಭಾಗ ಎಲ್ಲವೂ ಜೋಡಿಯಾಗಿ ಬೇಕು. ಎಡಗಡೆ ಮಾತ್ರ ಬದಲಿಸಿದರೆ ಗಾಡಿ ಒಂದು ಕಡೆ ಎಳೆಯುತ್ತದೆ.

- ಎರಡು ಡಿಸ್ಕ್, ಒಂದು ಸೆಟ್ ಪ್ಯಾಡ್, ಪ್ಯಾಡಿನ ಕ್ಲಿಪ್‌ಗಳು
- ಎರಡು ಕ್ಯಾಲಿಪರ್ ಸೀಲ್ ಕಿಟ್, ಸ್ಲೈಡ್ ಪಿನ್ ಬೂಟು
- ಎರಡು ಫ್ರಂಟ್ ಹೋಸ್, ಪ್ರತಿ ಹೋಸ್‌ಗೆ ಹೊಸ ತಾಮ್ರದ ವಾಷರ್
- ಹಬ್ (ಚಕ್ರ ಕೂರುವ ತಿರುಗುವ ಭಾಗ) ಬಿಚ್ಚುವುದಾದರೆ ಗ್ರೀಸ್ ಸೀಲ್, ಸ್ಪ್ಲಿಟ್ ಪಿನ್, ಬೇರಿಂಗ್ ಗ್ರೀಸ್
- ಸೀಲ್ ಒಡೆಯದ ಬಾಟಲಿಯ ಡಾಟ್ 4 ಆಯಿಲ್ ಒಂದು ಲೀಟರ್
- ಬ್ರೇಕ್ ಕ್ಲೀನರ್ ಸ್ಪ್ರೇ, ರಬ್ಬರ್‌ಗೆ ತೊಂದರೆ ಮಾಡದ ಬ್ರೇಕ್ ಗ್ರೀಸ್

ತೂತು ಕೊರೆದ ಡಿಸ್ಕ್ ನೋಡಲು ಚಂದ. ಆದರೆ ಲೋಡ್ ಹೊರುವ ಗಾಡಿಯಲ್ಲಿ ಬಿಸಿಯಾಗಿ ಬಿಸಿಯಾಗಿ ಆ ತೂತಿನಿಂದಲೇ ಬಿರುಕು ಶುರುವಾಗುತ್ತದೆ. ಸಾದಾ ಡಿಸ್ಕೇ ತನ್ನಿ. ಪ್ಯಾಡೂ ಅಷ್ಟೇ, ಅತಿ ಗಟ್ಟಿಯದ್ದು ತಂದರೆ ಬೆಳಗ್ಗೆ ತಣ್ಣಗಿರುವಾಗ ಹಿಡಿಯುವುದಿಲ್ಲ. ಡಾಟ್ 5 ಅಂತ ಬರೆದ ಸಿಲಿಕೋನ್ ಆಯಿಲ್ ಕೊಟ್ಟರೆ ವಾಪಸ್ ಕೊಡಿ. ಅದು ಡಾಟ್ 3, ಡಾಟ್ 4ರ ಜೊತೆ ಬೆರೆಯುವುದಿಲ್ಲ.

ಹತ್ಯಾರದಲ್ಲಿ ಜಾಕ್, ಎರಡು ಗಟ್ಟಿ ಜಾಕ್ ಸ್ಟ್ಯಾಂಡ್, ರಿಂಗ್ ಸ್ಪ್ಯಾನರ್ ಸೆಟ್, ಸಾಕೆಟ್ ಸೆಟ್, ಟಾರ್ಕ್ ರೆಂಚ್, ಸಿ-ಕ್ಲಾಂಪ್, ತಂತಿ ಬ್ರಷ್, ಕಟ್ಟು ತಂತಿ, ಪಾರದರ್ಶಕ ಸಣ್ಣ ಪೈಪು, ಒಂದು ಖಾಲಿ ಬಾಟಲಿ. ಟಾರ್ಕ್ ರೆಂಚ್ ಒಂದು ದಿನಕ್ಕೆ ಗ್ಯಾರೇಜಿನಿಂದ ಕೇಳಿ ತಂದರೂ ಸರಿ. ಯಾವ ಬೋಲ್ಟಿಗೆ ಎಷ್ಟು ಬಿಗಿ ಅನ್ನುವುದು ನಿಮ್ಮ ಮಾಡೆಲ್‌ನ ವರ್ಕ್‌ಶಾಪ್ ಪುಸ್ತಕದಲ್ಲಿ ಇರುತ್ತದೆ. ಅಂದಾಜು ಬೇಡ.

## ಹಂತ 3: ಗಾಡಿ ಎತ್ತುವುದು

ಸಮತಟ್ಟಾದ ಗಟ್ಟಿ ನೆಲ ಬೇಕು. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಚಕ್ರ ನೆಲದಲ್ಲಿ ಇರುವಾಗಲೇ ವೀಲ್ ನಟ್ಟು ಅರ್ಧ ಸುತ್ತು ಸಡಿಲಿಸಿ. ಆಮೇಲೆ ಎತ್ತಿ, ಚಾಸಿ ಕೆಳಗೆ ಸ್ಟ್ಯಾಂಡ್ ಇಡಿ.

ಸ್ಟ್ಯಾಂಡ್ ಬದಲು ಸಿಮೆಂಟ್ ಇಟ್ಟಿಗೆ ಇಡಬೇಡಿ. ಅದು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಬಿಚ್ಚಿದ ಚಕ್ರವನ್ನು ಗಾಡಿ ಕೆಳಗೆ ತಳ್ಳಿಡಿ. ಅಕಸ್ಮಾತ್ ಜಾರಿದರೆ ಅದೇ ನಿಮ್ಮನ್ನು ಕಾಯುತ್ತದೆ.

## ಹಂತ 4: ಕ್ಯಾಲಿಪರ್ ಇಳಿಸುವುದು

ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆಯಿರಿ. ಕ್ಲಿಪ್ ಯಾವ ಕಡೆ, ಹೋಸ್ ಹೇಗೆ ತಿರುಗಿದೆ, ನಿಪ್ಪಲ್ ಎಲ್ಲಿದೆ ಅಂತ ಸಂಜೆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆ ಶುರು ಮಾಡಿದರೆ ಹೋಲಿಸಿ ನೋಡಲು ಒಂದು ಇದ್ದೇ ಇರುತ್ತದೆ.

ಬ್ರೇಕ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಪ್ಯಾಡುಗಳಲ್ಲಿ ಕಲ್ನಾರು ಇರಬಹುದು. ಕ್ಲೀನರ್ ಸ್ಪ್ರೇ ಹೊಡೆದು ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ.

ಕ್ಯಾಲಿಪರ್ ಬೋಲ್ಟ್ ಬಿಚ್ಚಿದ ಮೇಲೆ ಅದನ್ನು ಹೋಸ್ ಮೇಲೆ ನೇತಾಡಲು ಬಿಡಬೇಡಿ. ಕಟ್ಟು ತಂತಿಯಲ್ಲಿ ಮೇಲೆ ಕಟ್ಟಿ. ಹೋಸ್ ಈಗಲೇ ಬಿಚ್ಚಬೇಡಿ, ಮುಂದಿನ ಹಂತಕ್ಕೆ ಅದು ಬೇಕು.

## ಹಂತ 5: ಪಿಸ್ಟನ್, ಸೀಲ್, ಸ್ಲೈಡ್ ಪಿನ್

ಬಹುಪಾಲು ಜನ ಬಿಟ್ಟುಬಿಡುವ ಹಂತ ಇದು. ಬ್ರೇಕ್ ಸೋಲುವುದೂ ಇಲ್ಲೇ.

ಪಿಸ್ಟನ್ ಸುತ್ತ ಇರುವ ಚೌಕ ಅಂಚಿನ ಸೀಲ್ ಆಯಿಲ್ ತಡೆಯುವುದಷ್ಟೇ ಅಲ್ಲ. ಬ್ರೇಕ್ ಒತ್ತಿದಾಗ ಅದು ಪಿಸ್ಟನ್ ಜೊತೆ ಸ್ವಲ್ಪ ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಡಿಸ್ಕ್ ಬ್ರೇಕಿಗೆ ಹಿಂದಕ್ಕೆಳೆಯುವ ಸ್ಪ್ರಿಂಗ್ ಅಂದರೆ ಇದೇ. ಹಳೇ ಸೀಲ್ ಗಟ್ಟಿಯಾದರೆ ಪಿಸ್ಟನ್ ಹಿಂದೆ ಬರುವುದಿಲ್ಲ. ಪ್ಯಾಡ್ ಸದಾ ಉಜ್ಜುತ್ತದೆ, ಡಿಸ್ಕ್ ಕಾಯುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ.

1. ಕ್ಯಾಲಿಪರ್ ಒಳಗೆ ಮರದ ತುಂಡು ಇಟ್ಟು, ಸಹಾಯಕರಿಗೆ ಪೆಡಲ್ ಮೆಲ್ಲಗೆ ಒತ್ತಲು ಹೇಳಿ. ಪಿಸ್ಟನ್ ಹೊರಬರುತ್ತದೆ. ಎರಡು ಪಿಸ್ಟನ್ ಇದ್ದರೆ ಸುಲಭವಾಗಿ ಬರುವುದನ್ನು ಕ್ಲಾಂಪ್‌ನಲ್ಲಿ ತಡೆದು ಇನ್ನೊಂದನ್ನು ಮುಂದೆ ತನ್ನಿ. ಕಂಪ್ರೆಸರ್ ಗಾಳಿ ಬಿಟ್ಟು ತೆಗೆಯುವವರು ಬೆರಳು ಜಜ್ಜಿಕೊಂಡಿದ್ದಾರೆ.
2. ಈಗ ಹೋಸ್ ಬಿಚ್ಚಿ, ಪೈಪ್ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ. ಬಣ್ಣದ ಮೇಲೆ ಆಯಿಲ್ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಸುಲಿದು ಬರುತ್ತದೆ.
3. ಹಳೇ ಸೀಲನ್ನು ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ತೆಗೆಯಿರಿ. ಸ್ಕ್ರೂಡ್ರೈವರ್ ಗೀರು ಬಿದ್ದರೆ ಅಲ್ಲೇ ಸೋರುತ್ತದೆ.
4. ಪಿಸ್ಟನ್ ಮೇಲ್ಮೈಗೆ ಉಗುರು ಆಡಿಸಿ. ತುಕ್ಕಿನ ಗುಳಿ ಸಿಕ್ಕಿದರೆ ಪಿಸ್ಟನ್ ಬದಲಿಸಿ. ಉಪ್ಪುಕಾಗದ ಹಾಕಿ ಉಜ್ಜಿದರೆ ಮೇಲಿನ ಲೇಪ ಹೋಗಿ ಮೂರೇ ತಿಂಗಳಲ್ಲಿ ಮತ್ತೆ ತುಕ್ಕು.
5. ಹೊಸ ಸೀಲಿಗೆ ಹೊಸ ಬ್ರೇಕ್ ಆಯಿಲ್ ಸವರಿ ಕೂರಿಸಿ. ಪಿಸ್ಟನ್ ಕೈಯಲ್ಲೇ ನೇರವಾಗಿ ಒತ್ತಿದರೆ ಹೋಗಬೇಕು. ಸುತ್ತಿಗೆ ಬೇಕಾಯಿತು ಅಂದರೆ ಸೀಲ್ ಮಡಚಿದೆ.

ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್ ಇವು ಸೀಲಿನ ಹತ್ತಿರ ಸುಳಿಯಬಾರದು. ರಬ್ಬರ್ ಊದಿಕೊಂಡು ಇಡೀ ಬ್ರೇಕ್ ಲೈನ್ ಕೆಡುತ್ತದೆ. ಸ್ಲೈಡ್ ಪಿನ್‌ಗೂ ಚಾಸಿ ಗ್ರೀಸ್ ಬೇಡ, ಬ್ರೇಕ್ ಗ್ರೀಸ್ ಮಾತ್ರ. ಪಿನ್ ಎರಡೂ ಒಂದೇ ಥರ ಕಂಡರೂ ಕೆಲವು ಕ್ಯಾಲಿಪರ್‌ನಲ್ಲಿ ಮೇಲಿನದ್ದು, ಕೆಳಗಿನದ್ದು ಬೇರೆ ಇರುತ್ತದೆ. ಅದಲುಬದಲು ಮಾಡಬೇಡಿ. ಒಂದೇ ಕ್ಯಾಲಿಪರ್‌ನಲ್ಲಿ ಒಳಗಿನ ಪ್ಯಾಡ್ ಪೂರಾ ಸವೆದು ಹೊರಗಿನದ್ದು ದಪ್ಪ ಉಳಿದಿತ್ತಾ? ಅದು ಈ ಪಿನ್ ಜಾಮ್ ಆದ ಗುರುತು.

## ಹಂತ 6: ಡಿಸ್ಕ್ ಮತ್ತು ಹಬ್

ಹಳೇ ಡಿಸ್ಕಿನ ಅಂಚಿನಲ್ಲೋ ನಡುವೆಯೋ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೊರೆದಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ ಲೇತಿಗೆ ಹಾಕಿಸಿ ನಯ ಮಾಡಿಸುವ ಮಾತೇ ಇಲ್ಲ. ತೆಳು ಡಿಸ್ಕ್ ಬೇಗ ಕಾಯುತ್ತದೆ, ಆ ಬಿಸಿ ನೇರವಾಗಿ ಆಯಿಲ್‌ಗೆ ಹೋಗುತ್ತದೆ.

ಕೆಲವು ಗಾಡಿಗಳಲ್ಲಿ ಡಿಸ್ಕ್ ಹೊರಗಿನಿಂದಲೇ ಜಾರಿ ಬರುತ್ತದೆ. ಹಳೇ ಪಿಕಪ್ಪುಗಳಲ್ಲಿ ಹಬ್ ಹಿಂದೆ ಬೋಲ್ಟ್ ಹಾಕಿರುವುದೂ ಉಂಟು. ಆಗ ಹಬ್ ಬಿಚ್ಚಲೇಬೇಕು. ಬೇರಿಂಗ್ ತೊಳೆದು, ನೀಲಿ ಬಣ್ಣಕ್ಕೆ ತಿರುಗಿದ್ದರೆ ಅಥವಾ ಗುಳಿ ಇದ್ದರೆ ಬದಲಿಸಿ. ಹೊಸ ಗ್ರೀಸನ್ನು ರೋಲರ್ ನಡುವೆ ಒತ್ತಿ ತುಂಬಿ. ನಟ್ ಹಾಕುವಾಗ ಹಬ್ ತಿರುಗಿಸುತ್ತಲೇ ಬಿಗಿ ಮಾಡಿ, ಆಮೇಲೆ ಪುಸ್ತಕದಲ್ಲಿ ಹೇಳಿದಷ್ಟು ಸಡಿಲಿಸಿ. ಹಬ್ ಸರಾಗವಾಗಿ ತಿರುಗಬೇಕು, ಹಿಡಿದು ಅಲ್ಲಾಡಿಸಿದರೆ ಲೊಡಕು ಇರಬಾರದು. ಸ್ಪ್ಲಿಟ್ ಪಿನ್ ಹೊಸದೇ ಹಾಕಿ. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಹಬ್ ಜೋಡಣೆ ಬೇರೆ, ಪುಸ್ತಕ ನೋಡದೆ ಕೈ ಹಾಕಬೇಡಿ.

ಹೊಸ ಡಿಸ್ಕ್ ಕೂರುವ ಜಾಗವನ್ನು ತಂತಿ ಬ್ರಷ್‌ನಿಂದ ಲೋಹ ಹೊಳೆಯುವಷ್ಟು ಉಜ್ಜಿ. ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಡಿಸ್ಕ್ ಓರೆಯಾಗಿ ತಿರುಗುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗುತ್ತದೆ, ನೀವು ಡಿಸ್ಕ್ ಕಂಪನಿಯನ್ನು ಬೈಯುತ್ತೀರಿ. ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡಿಯದಿರಲು ಸವರಿದ ಎಣ್ಣೆ ಇರುತ್ತದೆ. ಕ್ಲೀನರ್ ಹಾಕಿ ಎರಡೂ ಮುಖ ಒರೆಸಿ. ಆಮೇಲೆ ಗ್ರೀಸ್ ಕೈಯಲ್ಲಿ ಮುಟ್ಟಬೇಡಿ.

## ಹಂತ 7: ಜೋಡಣೆ

ಕ್ಯಾಲಿಪರ್ ಕೂರುವ ಬ್ರಾಕೆಟ್ಟಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ. ಕ್ಲಿಪ್ ಹೊಸದು ಹಾಕಿ, ಪ್ಯಾಡ್ ಕೈಯಲ್ಲಿ ತಳ್ಳಿದರೆ ಜಾರುತ್ತದಾ ನೋಡಿ. ಬಿಗಿಯಾದರೆ ಬ್ರಾಕೆಟ್ಟಿನ ತುಕ್ಕು ತೆಗೆಯಿರಿ. ಪ್ಯಾಡನ್ನು ಅರದಲ್ಲಿ ಉಜ್ಜಿ ಸಣ್ಣ ಮಾಡುವುದು ಕೊನೆಯ ದಾರಿ.

ಎಡದ ಕ್ಯಾಲಿಪರ್ ಎಡಕ್ಕೆ, ಬಲದ್ದು ಬಲಕ್ಕೆ. ಅದಲುಬದಲಾದರೂ ಎಷ್ಟೋ ಸಲ ಸಲೀಸಾಗಿ ಕೂತುಬಿಡುತ್ತದೆ, ಅದೇ ತೊಂದರೆ. ಏರ್ ನಿಪ್ಪಲ್ ಯಾವಾಗಲೂ ಮೇಲ್ಗಡೆ ಬರಬೇಕು. ಕೆಳಗೆ ಬಂದರೆ ಗಾಳಿ ಮೇಲೇ ಉಳಿಯುತ್ತದೆ. ನಾನೇ ಒಮ್ಮೆ ಹೀಗೆ ಕೂರಿಸಿ, ಒಂದು ಲೀಟರ್ ಆಯಿಲ್ ಖಾಲಿ ಮಾಡಿ, ರಾತ್ರಿ ಟಾರ್ಚ್ ಬೆಳಕಲ್ಲಿ ತಪ್ಪು ಕಂಡುಹಿಡಿದಿದ್ದೇನೆ.

ಹೊಸ ಹೋಸ್ ತಿರುಚದ ಹಾಗೆ ಹಾಕಿ, ತಾಮ್ರದ ವಾಷರ್ ಎರಡೂ ಬದಿ ಹೊಸದಿರಲಿ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ಎಲ್ಲೂ ಎಳೆಯಬಾರದು, ಚಕ್ರಕ್ಕೆ ತಾಗಬಾರದು.

## ಹಂತ 8: ಏರ್ ತೆಗೆಯುವುದು

ಅಮೆರಿಕದ ವಿಡಿಯೊ ನೋಡಿ "ಹಿಂದಿನ ಬಲಗಡೆಯಿಂದ ಶುರು" ಅಂತ ಮಾಡುವವರು ಬಹಳ. ಅವರ ಗಾಡಿಯಲ್ಲಿ ಸ್ಟೇರಿಂಗ್ ಎಡಕ್ಕೆ, ಮಾಸ್ಟರ್ ಸಿಲಿಂಡರೂ ಎಡಕ್ಕೆ. ನಮ್ಮಲ್ಲಿ ಅದು ಬಲಕ್ಕೆ. ಅತಿ ದೂರದ ಚಕ್ರ ಮೊದಲು ಅನ್ನುವುದು ಸಾಮಾನ್ಯ ನಿಯಮ. ಹಾಗಾಗಿ ನಮ್ಮ ಕ್ರಮ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಮ್ಮ ಪುಸ್ತಕದಲ್ಲಿ ಬೇರೆ ಇದ್ದರೆ ಪುಸ್ತಕವೇ ಸರಿ.

1. ಡಬ್ಬಿಯ ಹಳೇ ಆಯಿಲ್ ಸಿರಿಂಜ್‌ನಲ್ಲಿ ತೆಗೆದು ಹೊಸದು ತುಂಬಿ.
2. ನಿಪ್ಪಲ್‌ಗೆ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ.
3. ಸಹಾಯಕರು ಪೆಡಲ್ ಮೆಲ್ಲಗೆ ಒತ್ತಿ "ಹಿಡಿದಿದ್ದೀನಿ" ಅನ್ನಲಿ. ಆಗ ನಿಪ್ಪಲ್ ಕಾಲು ಸುತ್ತು ಸಡಿಲಿಸಿ. ಮತ್ತೆ ಬಿಗಿ ಮಾಡಿದ ಮೇಲೇ "ಬಿಡು" ಅನ್ನಿ.
4. ಗುಳ್ಳೆ ನಿಂತು, ತಿಳಿ ಆಯಿಲ್ ಬರುವ ತನಕ ಇದೇ. ನಾಲ್ಕೈದು ಸಲಕ್ಕೊಮ್ಮೆ ಡಬ್ಬಿ ನೋಡಿ. ಅದು ಖಾಲಿಯಾದರೆ ಮೊದಲಿನಿಂದ ಶುರು.

ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ದಿನನಿತ್ಯ ಪೆಡಲ್ ಅಷ್ಟು ಕೆಳಗೆ ಹೋಗುವುದಿಲ್ಲ. ಹಾಗಾಗಿ ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಪೂರ್ತಿ ಒತ್ತಿದರೆ ಹಳೇ ಸೀಲ್ ಅದರ ಮೇಲೆ ಹರಿದು ಹೋಗುತ್ತದೆ. "ಬ್ರೇಕ್ ಕೆಲಸ ಮಾಡಿಸಿದ ಮೇಲೆ ಮಾಸ್ಟರ್ ಸಿಲಿಂಡರ್ ಹೋಯ್ತು" ಅನ್ನುವ ಕಥೆಗಳ ಹಿಂದೆ ಬಹಳ ಸಲ ಇದೇ ಇರುತ್ತದೆ.

ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಒಂದು ವಾಲ್ವ್ ಇರುತ್ತದೆ. ಲೋಡ್ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬೇಕು ಅಂತ ಅದು ತೀರ್ಮಾನಿಸುತ್ತದೆ. ಮೆಕ್ಯಾನಿಕ್ಕರು ಎಲ್‌ಎಸ್‌ಪಿವಿ ಅನ್ನುವುದು ಇದಕ್ಕೇ. ಚಾಸಿ ಎತ್ತಿ ಹಿಂದಿನ ಆಕ್ಸಲ್ ನೇತಾಡುತ್ತಿದ್ದರೆ "ಗಾಡಿ ಖಾಲಿ" ಅಂತ ತಿಳಿದು ವಾಲ್ವ್ ಒತ್ತಡ ತಡೆಯುತ್ತದೆ, ಹಿಂದಿನ ಏರ್ ಸರಿಯಾಗಿ ಬರುವುದಿಲ್ಲ. ಹಿಂದಿನ ಚಕ್ರ ನೆಲದಲ್ಲಿ ಇರುವಾಗಲೇ ಅಲ್ಲಿಯ ಏರ್ ತೆಗೆಯಿರಿ.

## ಹಂತ 9: ಹಿಂದಿನದ್ದನ್ನು ಮರೆತರೆ ಮುಂದಿನದ್ದು ಸುಡುತ್ತದೆ

ಮುಂದಿನ ಬ್ರೇಕಿನ ಲೇಖನದಲ್ಲಿ ಹಿಂದಿನ ಮಾತೇಕೆ ಅಂದರೆ, ಒಳಗಿನಿಂದ ಡ್ರಮ್ಮಿಗೆ ಉಜ್ಜುವ ಲೈನರ್ ಡ್ರಮ್ಮಿನಿಂದ ದೂರ ಇದ್ದರೆ ಪೆಡಲ್ ಉದ್ದ ಹೋಗುತ್ತದೆ. ಏರ್ ಇದೆ ಅಂತ ಜನ ಮತ್ತೆ ಮತ್ತೆ ಆಯಿಲ್ ಚೆಲ್ಲುತ್ತಾರೆ. ಲೈನರ್ ಅಡ್ಜಸ್ಟ್ ಮಾಡಿ, ಚಕ್ರ ತಿರುಗಿಸಿದಾಗ ಸ್ವಲ್ಪವೇ ಉಜ್ಜುವ ಹಾಗೆ ಇಡಿ. ಲೈನರನ್ನು ತಳ್ಳುವ ವೀಲ್ ಸಿಲಿಂಡರ್ ಒದ್ದೆ ಇದ್ದರೆ ಬದಲಿಸಿ.

ಇನ್ನು ಎಕ್ಸ್‌ಟ್ರಾ ಪ್ಲೇಟ್ ವಿಷಯ. ಜಾಸ್ತಿ ಲೋಡ್ ಹಾಕಲು ಹಿಂದಿನ ಸ್ಪ್ರಿಂಗಿಗೆ ಪ್ಲೇಟ್ ಸೇರಿಸಿದರೆ ಗಾಡಿ ಹಿಂದೆ ಕುಸಿಯುವುದಿಲ್ಲ. ವಾಲ್ವ್‌ಗೆ ಲೋಡ್ ಬಿದ್ದದ್ದೇ ಗೊತ್ತಾಗುವುದಿಲ್ಲ. ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಕೊಡುತ್ತದೆ, ಅಷ್ಟೂ ಭಾರ ಮುಂದಿನ ಡಿಸ್ಕಿನ ತಲೆಗೆ. ಪದೇ ಪದೇ ಮುಂದಿನ ಡಿಸ್ಕ್ ನೀಲಿಯಾಗುತ್ತಿದೆ ಅನ್ನುವವರು ಮೊದಲು ಗಾಡಿಯ ಹಿಂಭಾಗಕ್ಕೆ ಹೋಗಿ ಪ್ಲೇಟ್ ಎಣಿಸಿ. ವಾಲ್ವ್‌ನ ಕಡ್ಡಿ ತುಕ್ಕು ಹಿಡಿದು ಕೂತಿದ್ದರೂ, ಯಾರೋ ಅದನ್ನು ತಂತಿಯಲ್ಲಿ ಕಟ್ಟಿಹಾಕಿದ್ದರೂ ತೊಂದರೆಯೇ.

## ಹಂತ 10: ಪ್ಯಾಡ್ ಹೊಂದಿಸುವ ಓಟ

ಚಕ್ರ ಹಾಕಿ, ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿ ಮಾಡಿ. ಗಾಡಿ ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಿ. ಇದನ್ನು ಮರೆತು ಗೇರ್ ಹಾಕಿ ಶೆಡ್ಡಿನ ಗೋಡೆಗೆ ಗುದ್ದುವುದು ಬಹಳ ಸುಲಭ!

ಖಾಲಿ ಗಾಡಿ, ಜನ ಇಲ್ಲದ ರಸ್ತೆ. ಗಂಟೆಗೆ 50 ಕಿ.ಮೀ.ನಿಂದ ಸುಮಾರು 10ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಅರ್ಧ ನಿಮಿಷ ಓಡಿಸಿ ಮತ್ತೆ ಇದೇ. ಹೀಗೆ ಎಂಟು ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ಐದಾರು ಕಿಲೋಮೀಟರ್ ಓಡಿಸಿ ತಣಿಸಿ. ಸ್ವಲ್ಪ ಸುಟ್ಟ ವಾಸನೆ ಬರುವುದು ಸಹಜ, ಹೊಗೆ ಬರುವುದು ಸಹಜವಲ್ಲ. ಮೊದಲ 200 ಕಿಲೋಮೀಟರ್ ಲೋಡ್ ಹಾಕಿ ಘಾಟಿಗೆ ಹೋಗಬೇಡಿ. ಆಮೇಲೆ ಹೋದಾಗಲೂ ನ್ಯೂಟ್ರಲ್‌ನಲ್ಲಿ ಇಳಿಸಬೇಡಿ. ಹತ್ತುವಾಗ ಬೇಕಾದ ಗೇರ್ ಇಳಿಯುವಾಗಲೂ ಇರಲಿ.

## ಗಾಡಿ ನಿಲ್ಲಿಸಿ ನೋಡಬೇಕಾದ ಗುರುತುಗಳು

ಒಂದು ಕಡೆ ಎಳೆಯುವುದು. ಎಡಕ್ಕೆ ಎಳೆದರೆ ಬಲದ ಬ್ರೇಕ್ ಕೆಲಸ ಮಾಡುತ್ತಿಲ್ಲ ಅಥವಾ ಎಡದ್ದು ಜಾಮ್ ಆಗಿದೆ. ಓಡಿಸಿ ಬಂದು ಎರಡೂ ಡಿಸ್ಕಿಗೆ ಹತ್ತಿರ ಕೈ ಒಡ್ಡಿ, ಮುಟ್ಟಬೇಡಿ. ಯಾವುದು ಜಾಸ್ತಿ ಕಾದಿದೆ ಅಂತ ಝಳದಲ್ಲೇ ಗೊತ್ತಾಗುತ್ತದೆ. ಎರಡರಲ್ಲಿ ತಣ್ಣಗಿರುವುದೂ ರೋಗಿಯೇ ಇರಬಹುದು.

ಎರಡನೇ ಸಲ ಒತ್ತಿದಾಗ ಪೆಡಲ್ ಮೇಲೆ ಬರುವುದು. ಏರ್ ಉಳಿದಿದೆ, ಇಲ್ಲವೇ ಹಿಂದಿನ ಲೈನರ್ ದೂರ ಇದೆ, ಇಲ್ಲವೇ ಹಬ್ ಬೇರಿಂಗ್ ಸಡಿಲ ಇದ್ದು ಡಿಸ್ಕ್ ಅಲ್ಲಾಡಿ ಪಿಸ್ಟನ್ನನ್ನು ಹಿಂದೆ ತಳ್ಳುತ್ತಿದೆ. ಮೂರನೆಯದನ್ನು ಯಾರೂ ನೋಡುವುದಿಲ್ಲ.

ಆಯಿಲ್ ಕಡಿಮೆಯಾಗುವುದು. ಪ್ಯಾಡ್ ಸವೆದಂತೆ ಸ್ವಲ್ಪ ಇಳಿಯುತ್ತದೆ, ಅದು ತಿಂಗಳುಗಳ ಮಾತು. ವಾರದಲ್ಲಿ ಇಳಿದರೆ ಸೋರಿಕೆ. ಹೊರಗೆ ಎಲ್ಲೂ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್ ಹಿಂದೆ, ಬೂಸ್ಟರ್ ಒಳಗೆ ಹೋಗುತ್ತಿರಬಹುದು. ಮಾಸ್ಟರ್ ಸಿಲಿಂಡರಿನ ಎರಡು ನಟ್ ಬಿಚ್ಚಿ ಸ್ವಲ್ಪ ಮುಂದೆ ಎಳೆದು ನೋಡಿ, ಹಿಂಬದಿ ಒದ್ದೆ ಇದ್ದರೆ ಅದೇ.

ಕೀರಲು ಸದ್ದು. ಬೆಳಗ್ಗೆ ಒಂದೆರಡು ಸಲ ಬಂದು ನಿಂತರೆ ತೇವದ ತುಕ್ಕು, ಬಿಟ್ಟುಬಿಡಿ. ಬಿಡದೆ ಬಂದರೆ ಪ್ಯಾಡ್ ನೋಡಿ. ಪ್ಯಾಡಿನ ವಸ್ತು 3 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಬದಲಿಸುವ ಹೊತ್ತು.

100 ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್ಟು ಮತ್ತೊಮ್ಮೆ ಟಾರ್ಕ್ ನೋಡಿ, ಹೋಸ್ ಜಾಯಿಂಟುಗಳಿಗೆ ಒಣ ಟಿಶ್ಯೂ ಒತ್ತಿ. ಒದ್ದೆಯಾಗದಿದ್ದರೆ ಲೋಡ್ ಹಾಕಬಹುದು, ಲೋಡ್ ಹಾಕಿ ಘಾಟಿಗೆ ಹೋಗುವುದು ಮಾತ್ರ 200 ಆದ ಮೇಲೆ.